ಹರಿವಾಣದ ನೀರಿನಲ್ಲಿ ಅಣುವಿನ ದಪ್ಪ ಅಳೆಯುವ ಕ್ರಮ

ಉಡುಪಿ, ಮಣಿಪಾಲ, ಮಂಗಳೂರು ಕಡೆಯ ಪಿಯು ಹಾಗೂ ಬಿಎಸ್ಸಿ ವಿದ್ಯಾರ್ಥಿಗಳಿಂದ, ಕೆಲವೊಮ್ಮೆ ಅವರ ಅಧ್ಯಾಪಕರಿಂದಲೂ, ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ. ಒಂದು ಹನಿ ಎಣ್ಣೆಯನ್ನು ನೀರಿನ ಮೇಲೆ ಹರಡಿ ಅಣುವಿನ ಗಾತ್ರ ಕಂಡುಹಿಡಿಯಬಹುದೆಂದು ಓದಿದ್ದೇವೆ, ಮಾಡಿ ನೋಡಿದರೆ ಉತ್ತರ ಹತ್ತು ಪಟ್ಟು ಹೆಚ್ಚೋ ಹತ್ತು ಪಟ್ಟು ಕಡಿಮೆಯೋ ಬರುತ್ತದೆ, ತಪ್ಪು ಎಲ್ಲಿದೆ? ಪ್ರಥಮ ಪಿಯು ಭೌತಶಾಸ್ತ್ರ ಪಠ್ಯದ ಹಿಂದಿನ ಮುದ್ರಣಗಳಲ್ಲಿ ಈ ಪ್ರಯೋಗಕ್ಕೆ ಸಿಕ್ಕಿದ್ದ ಜಾಗ ಬಹಳ ಚಿಕ್ಕದು. ಅಲ್ಲಿ ಸೂತ್ರವಿತ್ತು, ಪಾತ್ರೆ ತೊಳೆಯುವ ಬಗೆ ಇರಲಿಲ್ಲ. ನನ್ನ ಅನುಭವದಲ್ಲಿ ಈ ಪ್ರಯೋಗದ ಮುಕ್ಕಾಲು ಪಾಲು ಪಾತ್ರೆ ತೊಳೆಯುವುದೇ ಆಗಿದೆ. ಆದ್ದರಿಂದ ಈ ಬರಹದಲ್ಲಿಯೂ ಹೆಚ್ಚಿನ ಜಾಗ ಅದಕ್ಕೇ ಹೋಗಿದೆ.

ಮೊದಲು ತತ್ವವನ್ನು ಚುಟುಕಾಗಿ ನೋಡೋಣ. ದ್ರವದ ಮೇಲ್ಮೈಯಲ್ಲಿರುವ ಅಣುಗಳಿಗೆ ಮೇಲಿನಿಂದ ಹಿಡಿದೆಳೆಯುವ ಜೊತೆಗಾರರು ಇಲ್ಲದಿರುವುದರಿಂದ ಮೇಲ್ಮೈ ಸದಾ ಕುಗ್ಗಲು ಹವಣಿಸುತ್ತದೆ. ಈ ಗುಣಕ್ಕೆ ಮೇಲ್ಮೈ ಎಳೆತ ಎನ್ನುತ್ತೇವೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ 72.8 ಮಿಲಿನ್ಯೂಟನ್, ನಮ್ಮ ಕರಾವಳಿಯ 30 ಡಿಗ್ರಿಯಲ್ಲಿ ಸುಮಾರು 71. ಓಲಿಯಿಕ್ ಆಮ್ಲದ್ದು, ಅಂದರೆ ಆಲಿವ್ ಎಣ್ಣೆಯಲ್ಲಿ ಹೇರಳವಾಗಿರುವ ಕೊಬ್ಬಿನಾಮ್ಲದ್ದು, ಸುಮಾರು 32.5, ಆ ಆಮ್ಲ ಮತ್ತು ನೀರು ಕೂಡುವ ಗಡಿಯ ಎಳೆತ ಸುಮಾರು 15.6. ಎರಡನ್ನೂ ಕೂಡಿಸಿದರೂ 48ರ ಆಸುಪಾಸು. ನೀರಿನ ಎಳೆತ ಅದಕ್ಕಿಂತ ಬಹಳ ಹೆಚ್ಚು. ಹೀಗಾಗಿ ನೀರು ಆಮ್ಲದ ಹನಿಯನ್ನು ಸುತ್ತಲೂ ಎಳೆದು, ಒಂದರ ಪಕ್ಕ ಒಂದು ಅಣು ನಿಂತ ಪದರವಾಗುವ ತನಕ ಹರಡುತ್ತದೆ. ಇದಕ್ಕೆ ಏಕಾಣು ಪದರ ಎಂದು ಹೆಸರು. ಹಾಕಿದ ಆಮ್ಲದ ಘನಗಾತ್ರವನ್ನು ಪದರದ ವಿಸ್ತೀರ್ಣದಿಂದ ಭಾಗಿಸಿದರೆ ದಪ್ಪ ದೊರೆಯುತ್ತದೆ. ಉತ್ತರ 1ರಿಂದ 2 ನ್ಯಾನೊಮೀಟರಿನೊಳಗೆ ಬರಬೇಕು; ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಮಲ್ಪೆ ಬಂದರಿನಲ್ಲಿ ದೋಣಿಗಳ ಪಕ್ಕ ಡೀಸೆಲ್ ತೇಲಿ ಕಾಮನಬಿಲ್ಲಿನ ಬಣ್ಣ ಕಾಣಿಸುತ್ತದಲ್ಲ, ಅದೇ ಪದರವೇ ಎಂದು ಹಲವರು ಕೇಳುತ್ತಾರೆ. ಅಲ್ಲ. ಬಣ್ಣ ಕಾಣಬೇಕಾದರೆ ಪದರದ ದಪ್ಪ ಬೆಳಕಿನ ತರಂಗದೂರಕ್ಕೆ ಹೋಲುವಂತಿರಬೇಕು, ಅಂದರೆ ನೂರಾರು ನ್ಯಾನೊಮೀಟರ್. ನಮ್ಮ ಏಕಾಣು ಪದರ ಅದರ ನೂರರಲ್ಲೊಂದು ಪಾಲಿಗಿಂತಲೂ ತೆಳು; ಕಣ್ಣಿಗೆ ಏನೂ ಕಾಣುವುದಿಲ್ಲ. ಅದರ ಅಂಚನ್ನು ತೋರಿಸುವುದಕ್ಕಾಗಿಯೇ ನೀರಿನ ಮೇಲೆ ಪುಡಿ ಉದುರಿಸುತ್ತೇವೆ.

ಬೇಕಾಗುವ ಸಾಮಾನು

ಕನಿಷ್ಠ 40 ಸೆಂಟಿಮೀಟರ್ ಅಗಲದ ಸ್ಟೀಲ್ ಹರಿವಾಣ ಅಥವಾ ಬೇಕರಿಯವರ ಚೌಕ ಟ್ರೇ, ಸುಮಾರು ಎರಡು ಸೆಂಟಿಮೀಟರ್ ಆಳವಿದ್ದರೆ ಸಾಕು. ಓಲಿಯಿಕ್ ಆಮ್ಲ ಒಂದೆರಡು ಮಿಲಿಲೀಟರ್. ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಕೇಳಿ ಪಡೆಯುವುದು ಸುಲಭದ ದಾರಿ. ಶೇಕಡ 99ರ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಮಾಡುವವರು ಇದನ್ನೇ ಐಪಿಎ ಎಂದು ಕರೆದು ಬೋರ್ಡ್ ಶುಚಿ ಮಾಡಲು ಬಳಸುತ್ತಾರೆ. ಮೆಡಿಕಲ್ ಅಂಗಡಿಯ ಸ್ಯಾನಿಟೈಸರ್ ಖಂಡಿತ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಶೇಕಡ 70ರ ಆಲ್ಕೋಹಾಲ್ ಕೂಡ ಬೇಡ. ಅದರ ನೀರಿನಂಶದಿಂದಾಗಿ ಆಮ್ಲ ಪೂರ್ತಿ ಕರಗುವುದಿಲ್ಲ. ಇವಲ್ಲದೆ ಅಳತೆಯ ಗುರುತುಗಳಿರುವ ಒಂದು ಮಿಲಿಲೀಟರ್ ಸಿರಿಂಜ್ ಅಥವಾ ಗಾಜಿನ ಪಿಪೆಟ್, ಮುಚ್ಚಳ ಬಿಗಿಯಾಗಿ ಕೂರುವ ಎರಡು ಗಾಜಿನ ಬಾಟಲಿ, ಸ್ಕೇಲು, ಹೊಸ ಎ4 ಹಾಳೆಗಳು, ಸ್ವಲ್ಪ ಕರ್ಪೂರ.

ಪುಡಿಯ ಆಯ್ಕೆಯಲ್ಲಿ ಎಚ್ಚರ ಬೇಕು. ಲೈಕೊಪೋಡಿಯಂ ಪುಡಿ, ಅಂದರೆ ಒಂದು ಜಾತಿಯ ಹಾವಸೆಯಂಥ ಗಿಡದ ಬೀಜಕಣ, ಎಲ್ಲಕ್ಕಿಂತ ಒಳ್ಳೆಯದು. ಅದು ನೀರಿನಲ್ಲಿ ನೆನೆಯದೆ ತೇಲುತ್ತದೆ. ಮುಖದ ಪೌಡರಿನ ಸುಗಂಧತೈಲ ನೀವು ಅಳೆಯುವ ಮೊದಲೇ ನೀರಿನ ಮೇಲೆ ಹರಡಿ ಕುಳಿತಿರುತ್ತದೆ. ಕಾಳುಮೆಣಸಿನ ಪುಡಿಯಲ್ಲಿ ಅದರದೇ ಎಣ್ಣೆಯಿದೆ. ಕೆಲವು ಕೇರಂ ಪೌಡರ್‌ಗಳು ಬೋರಿಕ್ ಆಮ್ಲವಾದ್ದರಿಂದ ಮೆಲ್ಲನೆ ಕರಗಿಹೋಗುತ್ತವೆ. ಲೈಕೊಪೋಡಿಯಂ ಸಿಗದಿದ್ದರೆ ಸುಗಂಧವಿಲ್ಲದ ಶುದ್ಧ ಟಾಲ್ಕ್ ಹುಡುಕಿ.

ಹಂತ 1: ತೊಳೆಯುವುದು

ಇಡೀ ಹರಿವಾಣದ ನೀರಿನ ಮೇಲೆ ಏಕಾಣು ಪದರ ಹಾಸಲು ಎಷ್ಟು ಜಿಡ್ಡು ಬೇಕು ಎಂದು ಲೆಕ್ಕ ಹಾಕಿ ನೋಡಿ. 40 ಸೆಂಟಿಮೀಟರ್ ವ್ಯಾಸದ ನೀರಿನ ವಿಸ್ತೀರ್ಣ ಸುಮಾರು 1,257 ಚದರ ಸೆಂಟಿಮೀಟರ್. ದಪ್ಪ ಒಂದೂವರೆ ನ್ಯಾನೊಮೀಟರ್ ಎಂದಿಟ್ಟುಕೊಂಡರೆ ಒಟ್ಟು 0.2 ಘನ ಮಿಲಿಮೀಟರ್, ಅಂದರೆ ಒಂದು ಸಾಸಿವೆ ಕಾಳಿನ ಹತ್ತರಲ್ಲೊಂದು ಪಾಲು. ಒಗ್ಗರಣೆಯ ಹೊಗೆ ಆಡುವ ಅಡುಗೆಮನೆಯಲ್ಲಿ, ನಿನ್ನೆ ಚಿತ್ರಾನ್ನ ಕಲಸಿದ ಹರಿವಾಣದಲ್ಲಿ, ಅಷ್ಟು ಜಿಡ್ಡು ಉಳಿಯದಿರುವುದು ಹೇಗೆ?

ಪಾತ್ರೆಯನ್ನು ಮೊದಲು ಸೋಪಿನ ದ್ರವದಿಂದ ಚೆನ್ನಾಗಿ ಉಜ್ಜಿ, ಬಿಸಿನೀರಿನಲ್ಲಿ ಕನಿಷ್ಠ ಹತ್ತು ಸಲ ಗಲಬರಿಸಿ. ಹತ್ತು ಎಂಬುದು ಉತ್ಪ್ರೇಕ್ಷೆಯಲ್ಲ. ಸೋಪು ಕೂಡ ಎಣ್ಣೆಯಂತೆಯೇ ಮೇಲ್ಮೈಗೆ ಬಂದು ಕೂರುವ ವಸ್ತು, ಅದರ ಉಳಿಕೆ ಜಿಡ್ಡಿನಷ್ಟೇ ಕೆಟ್ಟದ್ದು. ಅಂಟುವಾಳದಿಂದ ತೊಳೆದರೆ ರಾಸಾಯನಿಕವಿಲ್ಲವಲ್ಲ ಎಂದು ಒಬ್ಬರು ವಾದಿಸಿದ್ದುಂಟು, ಆದರೆ ಅಂಟುವಾಳದ ನೊರೆಯೂ ಮೇಲ್ಮೈ ಎಳೆತವನ್ನು ಇಳಿಸುವ ವಸ್ತುವಿನಿಂದಲೇ ಬರುವುದು. ಕೊನೆಗೆ ಐಪಿಎ ಒದ್ದೆ ಮಾಡಿದ ಹತ್ತಿಯಿಂದ ಒಳಭಾಗವನ್ನೂ ಅಂಚನ್ನೂ ಒರಸಿ, ಮತ್ತೊಮ್ಮೆ ನೀರಿನಲ್ಲಿ ತೊಳೆಯಿರಿ. ಇಲ್ಲಿಂದ ಮುಂದೆ ಒಳಭಾಗಕ್ಕೆ ಬೆರಳು ತಾಗಬಾರದು. ಬಟ್ಟೆಯಿಂದಲೂ ಒರಸಬೇಡಿ.

ಹಂತ 2: ನೀರು ತುಂಬಿ, ಮೇಲ್ಮೈ ಗುಡಿಸುವುದು

ಮಂಗಳೂರಿನ ತುಂಬೆ ಅಣೆಕಟ್ಟಿನ ನೀರಾಗಲಿ, ಉಡುಪಿಯ ಬಜೆ ಅಣೆಕಟ್ಟಿನ ನೀರಾಗಲಿ, ಮನೆಯ ಬಾವಿ ನೀರಾಗಲಿ ನಡೆಯುತ್ತದೆ, ಕ್ಲೋರಿನ್‌ನಿಂದ ತೊಂದರೆಯಿಲ್ಲ. ಆದರೆ ಗಡಸು ನೀರಿನ ಕ್ಯಾಲ್ಸಿಯಂ ಓಲಿಯಿಕ್ ಆಮ್ಲದೊಡನೆ ಸೇರಿ ಸೋಪಿನಂಥ ಗಟ್ಟಿ ಪದರವಾಗಬಲ್ಲದು, ಹಾಗಾಗಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಕ್ಕರೆ ಅದೇ ಲೇಸು. ಟ್ರೇಯನ್ನು ಮಟ್ಟಸವಾಗಿಟ್ಟು ಅಂಚಿನ ತನಕ ನೀರು ತುಂಬಿ. ಅನಂತರ ಎ4 ಹಾಳೆಯನ್ನು ನೀರಿನ ಮೇಲೆ ಚಪ್ಪಟೆಯಾಗಿ ಹಾಸಿ ಮೆಲ್ಲನೆ ಎತ್ತಿ ಎಸೆಯಿರಿ. ಮೇಲ್ಮೈಯ ಜಿಡ್ಡು ಹಾಳೆಗೆ ಅಂಟಿ ಹೋಗುತ್ತದೆ. ಹೀಗೆ ನಾಲ್ಕೈದು ಹಾಳೆ. ವೃತ್ತಪತ್ರಿಕೆ ಬೇಡ, ಅದರ ಮಸಿಯಲ್ಲಿ ಎಣ್ಣೆಯಿದೆ. ಚೌಕ ಟ್ರೇ ಇದ್ದವರು ಅಗಲಕ್ಕೆ ಸರಿಹೊಂದುವ ಪಟ್ಟಿಯೊಂದನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನೀರಿನ ಮೇಲೆ ಎಳೆದು ಗುಡಿಸಬಹುದು. ಈ ಉಪಾಯ ಜರ್ಮನಿಯ ಬ್ರೌನ್‌ಶ್ವೈಗ್ ಎಂಬ ಊರಿನ ಆಗ್ನೆಸ್ ಪೊಕೆಲ್ಸ್ ಅವರದು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ, ಮನೆಗೆಲಸ ನೋಡಿಕೊಳ್ಳುತ್ತಿದ್ದ ಈ ಮಹಿಳೆ ಅಡುಗೆಮನೆಯಲ್ಲೇ ತಗಡಿನ ತೊಟ್ಟಿ ಮತ್ತು ಸರಿಯುವ ಪಟ್ಟಿಯಿಂದ ನೀರಿನ ಮೇಲ್ಮೈಯನ್ನು ಅಳೆದು, 1891ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರಾಲೆ ಅವರಿಗೆ ಪತ್ರ ಬರೆದರು. ರಾಲೆ ಅದನ್ನು ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗುವಂತೆ ಮಾಡಿದರು. ಇಂದಿನ ಪ್ರಯೋಗಾಲಯಗಳ ದುಬಾರಿ ತೊಟ್ಟಿಗಳ ಮೂಲ ಆ ತಗಡಿನ ತೊಟ್ಟಿಯೇ.

ಹಂತ 3: ಕರ್ಪೂರದ ಪರೀಕ್ಷೆ

ನೀರು ಶುಚಿಯಾಗಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಇದೇ ರೀತಿ ತೊಳೆದ ಒಂದು ಸಣ್ಣ ಬೋಗುಣಿಗೆ ಅದೇ ನೀರನ್ನು ಹಾಕಿ, ಸ್ವಚ್ಛ ಬ್ಲೇಡಿನಿಂದ ಕರ್ಪೂರದ ಒಳಭಾಗದ ಚೂರೊಂದನ್ನು ಕೆರೆದು, ಕೈ ತಾಗಿಸದೆ ಅದರಲ್ಲಿ ಬೀಳಿಸಿ. ಶುಚಿಯಾದ ನೀರಿನ ಮೇಲೆ ಚೂರು ಹುಚ್ಚೆದ್ದಂತೆ ತಿರುಗುತ್ತ ಓಡಾಡುತ್ತದೆ: ಕರ್ಪೂರ ಕರಗುವ ಬದಿಯಲ್ಲಿ ಎಳೆತ ಕಡಿಮೆಯಾಗಿ ಎದುರು ಬದಿಯ ನೀರು ಅದನ್ನು ಸೆಳೆದುಕೊಳ್ಳುತ್ತದೆ. ಜಿಡ್ಡಿನ ನೀರಿನಲ್ಲಿ ಅದು ಸತ್ತಂತೆ ಬಿದ್ದಿರುತ್ತದೆ. ಹಾಗಾದರೆ ಹಂತ 1ಕ್ಕೆ ಮರಳಿ. ಇದನ್ನು ಹಾರಿಸಿ ಮುಂದೆ ಹೋದವರ ಉತ್ತರ ಸರಿ ಬಂದುದನ್ನು ನಾನು ಕಂಡಿಲ್ಲ. 1890ರಲ್ಲಿ ರಾಲೆ ಅವರು ಆಲಿವ್ ಎಣ್ಣೆಯನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ, ಕರ್ಪೂರದ ಕುಣಿತ ನಿಲ್ಲುವ ಹೊತ್ತಿಗೆ ಪದರದ ದಪ್ಪ ಸುಮಾರು 1.6 ನ್ಯಾನೊಮೀಟರ್ ಎಂದು ಕಂಡುಕೊಂಡಿದ್ದರು.

ಹಂತ 4: ದ್ರಾವಣ

ಓಲಿಯಿಕ್ ಆಮ್ಲವನ್ನು ನೇರವಾಗಿ ಒಂದು ಹನಿ ಹಾಕಿದರೆ ಅದು ಹರಡಲು ಹತ್ತು ಚದರ ಮೀಟರಿಗೂ ಹೆಚ್ಚು ನೀರು ಬೇಕು. ಲಂಡನ್ನಿನ ಕ್ಲಾಪಂ ಕೆರೆಯಲ್ಲಿ ಒಂದು ಟೀಚಮಚ ಎಣ್ಣೆ ಸುಮಾರು ಅರ್ಧ ಎಕರೆ ನೀರನ್ನು ಕನ್ನಡಿಯಂತೆ ಶಾಂತಗೊಳಿಸಿತೆಂದು ಬೆಂಜಮಿನ್ ಫ್ರಾಂಕ್ಲಿನ್ ವರದಿ ಮಾಡಿದ್ದು 1774ರಲ್ಲಿ. ಎಣ್ಣೆಯ ಗಾತ್ರವನ್ನು ವಿಸ್ತೀರ್ಣದಿಂದ ಭಾಗಿಸುವುದೊಂದು ಬಾಕಿಯಿತ್ತು, ಅವರು ಭಾಗಿಸಲಿಲ್ಲ. ನಮಗೆ ಕೆರೆ ಇಲ್ಲದ್ದರಿಂದ ಆಮ್ಲವನ್ನು ತೆಳು ಮಾಡುತ್ತೇವೆ.

ಮೊದಲ ಬಾಟಲಿಯಲ್ಲಿ 1 ಮಿಲಿಲೀಟರ್ ಆಮ್ಲಕ್ಕೆ ಐಪಿಎ ಸೇರಿಸಿ ಒಟ್ಟು 20 ಮಿಲಿಲೀಟರ್ ಮಾಡಿ, ಕುಲುಕಿ. ಅದರಿಂದ 1 ಮಿಲಿಲೀಟರ್ ತೆಗೆದು ಎರಡನೆಯ ಬಾಟಲಿಯಲ್ಲಿ ಒಟ್ಟು 50 ಮಿಲಿಲೀಟರ್ ಮಾಡಿ. ಈಗ ಆಮ್ಲ ಸಾವಿರದಲ್ಲಿ ಒಂದು ಪಾಲು. ಪಠ್ಯದಲ್ಲಿದ್ದಂತೆ 20ಕ್ಕೆ 1, ಮತ್ತೆ 20ಕ್ಕೆ 1 ಎಂದು ನಾನೂರರಲ್ಲಿ ಒಂದು ಪಾಲು ಮಾಡಿದರೆ ದೊಡ್ಡ ಹನಿಯ ಪದರ 20 ಸೆಂಟಿಮೀಟರಿಗೂ ಮೀರಿ, ಎರಡು ಮೂರು ಹನಿಗಳಲ್ಲೇ ಮನೆಯ ಟ್ರೇಯ ಗೋಡೆ ಮುಟ್ಟುತ್ತದೆ. ದ್ರಾವಣ ಮಬ್ಬಾಗಿ ಕಂಡರೆ ಆಮ್ಲ ಕರಗಿಲ್ಲ, ಆಲ್ಕೋಹಾಲಿನಲ್ಲಿ ನೀರಿದೆ ಎಂದೇ ತಿಳಿಯಿರಿ. ಐಪಿಎ ಥಟ್ಟನೆ ಹೊತ್ತಿಕೊಳ್ಳುವ ದ್ರವ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಹತ್ತಿರವಿದ್ದರೆ ಬಾಟಲಿ ತೆರೆಯಬೇಡಿ. ಲೈಕೊಪೋಡಿಯಂ ಪುಡಿಯೂ ಗಾಳಿಯಲ್ಲಿ ಚದುರಿದಾಗ ಬೆಂಕಿ ತಗಲಿದರೆ ಭಗ್ಗನೆ ಉರಿಯುತ್ತದೆ.

ಹಂತ 5: ಹನಿಯ ಗಾತ್ರ

ಸಿರಿಂಜಿನಲ್ಲಿ 1 ಮಿಲಿಲೀಟರ್ ದ್ರಾವಣ ತುಂಬಿ, ಸೂಜಿ ತೆಗೆದು, ನೆಟ್ಟಗೆ ಹಿಡಿದು, ಒಂದೊಂದೇ ಹನಿ ಎಣಿಸುತ್ತ ಖಾಲಿ ಮಾಡಿ. ಸೂಜಿಯಿಲ್ಲದಿದ್ದರೆ ಐವತ್ತರ ಆಸುಪಾಸಿನ ಸಂಖ್ಯೆ ನಿರೀಕ್ಷಿಸಿ. ಸೂಜಿ ಹಾಕಿದರೆ ಹನಿಗಳು ಪುಟ್ಟದಾಗಿ ಸಂಖ್ಯೆ ಹಲವು ಪಟ್ಟು ಏರುತ್ತದೆ. ಇದು ಕೂಡ ಮೇಲ್ಮೈ ಎಳೆತದ ಕೆಲಸವೇ: ತೂಗುವ ಹನಿಯ ತೂಕವನ್ನು ತುದಿಯ ಸುತ್ತಳತೆಯಲ್ಲಿರುವ ಎಳೆತ ತಡೆಯಲಾರದಾದಾಗ ಹನಿ ಕಳಚುತ್ತದೆ. ಥಾಮಸ್ ಟೇಟ್ 1864ರಲ್ಲಿ ಹೇಳಿದ ನಿಯಮವಿದು. ಆದ್ದರಿಂದ ನೀರಿನ ಹನಿ ಎಣಿಸಿ ಅದೇ ಸಂಖ್ಯೆಯನ್ನು ಆಲ್ಕೋಹಾಲಿಗೆ ಅನ್ವಯಿಸುವುದು ದೊಡ್ಡ ತಪ್ಪು. ಎಳೆತ ಮೂರರಲ್ಲೊಂದು ಪಾಲಿಗೂ ಕೆಳಗಿರುವ ಆಲ್ಕೋಹಾಲಿನ ಹನಿ ನೀರಿನ ಹನಿಗಿಂತ ಬಹಳ ಚಿಕ್ಕದು. ಎಣಿಕೆಯನ್ನು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಪ್ಲಾಸ್ಟಿಕ್ ಸಿರಿಂಜಿನ ಒಳಗೋಡೆಗೆ ಸಾಮಾನ್ಯವಾಗಿ ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ಅದು ನೀರಿನ ಮೇಲೆ ಓಲಿಯಿಕ್ ಆಮ್ಲದಂತೆಯೇ ಸೊಗಸಾಗಿ ಹರಡಿ ನಿಮ್ಮನ್ನು ಮೋಸ ಮಾಡುತ್ತದೆ. ಐದಾರು ಸಲ ಐಪಿಎಯಿಂದ ತೊಳೆದು ಬಳಸಿ, ಸಾಧ್ಯವಿದ್ದರೆ ಗಾಜಿನ ಪಿಪೆಟ್ಟನ್ನೇ ಬಳಸಿ.

ಹಂತ 6: ಪುಡಿ ಉದುರಿಸುವುದು

ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ. ಪುಡಿಯನ್ನು ತೆಳು ಮಲ್ ಬಟ್ಟೆಯಲ್ಲಿ ಕಟ್ಟಿ, ಒಂದಡಿ ಎತ್ತರದಿಂದ ತಟ್ಟಿ ಉದುರಿಸಿ. ಪುಡಿಯ ನಡುವೆ ನೀರು ಕಾಣುವಷ್ಟು ವಿರಳವಾಗಿರಲಿ. ದಪ್ಪ ಹಾಸಿದರೆ ಪುಡಿಯೇ ಗೋಡೆಯಾಗಿ ಪದರವನ್ನು ತಡೆದು, ಅಂಚು ದುಂಡಾಗದೆ ನಕ್ಷತ್ರದಂತೆ ಬಿರಿಯುತ್ತದೆ.

ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಈ ಪ್ರಯೋಗ ಮಾಡುವವರ ಮುಖ್ಯ ದೂರು ಪುಡಿ ಗಂಟುಗಟ್ಟುತ್ತದೆ ಎಂಬುದು. ಇದರ ಹಿಂದೆ ಕೂಡ ನಮ್ಮ ವಿಷಯವಾದ ಮೇಲ್ಮೈ ಎಳೆತವೇ ಇದೆ. ಒಳಕ್ಕೆ ಬಾಗಿದ ನೀರಿನ ಮೇಲ್ಮೈಯಿಂದ ನೀರು ಆವಿಯಾಗುವುದು ಸಪಾಟು ಮೇಲ್ಮೈಗಿಂತ ಕಷ್ಟ. ಕೆಲ್ವಿನ್ ಸಮೀಕರಣ ಇದನ್ನು ಅಂಕಿಯಲ್ಲಿ ಹೇಳುತ್ತದೆ. ಗಾಳಿಯ ತೇವ ಶೇಕಡ 90 ಇದ್ದಾಗ, ನೀರು ಚೆನ್ನಾಗಿ ಅಂಟುವ ಸುಮಾರು 10 ನ್ಯಾನೊಮೀಟರ್ ತ್ರಿಜ್ಯಕ್ಕಿಂತ ಕಿರಿದಾದ ಸಂದುಗಳಲ್ಲಿ ಆವಿ ತಾನಾಗಿ ನೀರಾಗುತ್ತದೆ. ತೇವ ಶೇಕಡ 50ಕ್ಕೆ ಇಳಿದರೆ ಆ ಮಿತಿ ಒಂದೂವರೆ ನ್ಯಾನೊಮೀಟರಿಗೆ ಇಳಿಯುತ್ತದೆ. ಪುಡಿಯ ಕಣಗಳು ಒಂದಕ್ಕೊಂದು ತಾಗುವ ಕಡೆಯಲ್ಲಿ ಇಂಥ ಸಂದುಗಳು ಬೇಕಾದಷ್ಟಿವೆ, ಅಲ್ಲಿ ಕಟ್ಟಿದ ನೀರಿನ ಸೇತುವೆ ಕಣಗಳನ್ನು ಬಿಗಿದು ಹಿಡಿಯುತ್ತದೆ. ಹಳ್ಳಿಯ ಮನೆಗಳಲ್ಲಿ ಮಾಡುವಂತೆ ಹುರಿದು ಆರಿಸಿದ ಅಕ್ಕಿಯನ್ನೋ, ಹೊಸ ಬ್ಯಾಗುಗಳೊಡನೆ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನೋ ಬಿಗಿ ಡಬ್ಬಿಯಲ್ಲಿ ಪುಡಿಯ ಜೊತೆ ಎರಡು ದಿನ ಇಟ್ಟರೆ ಗಂಟು ಬಿಡುತ್ತದೆ. ಲೈಕೊಪೋಡಿಯಂ ಅನ್ನು ಒಲೆಯ ಮೇಲೆ ಮಾತ್ರ ಒಣಗಿಸಬೇಡಿ.

ಹಂತ 7: ಹನಿ ಹಾಕಿ ಅಳೆಯುವುದು

ಮೊದಲು ಆಮ್ಲವಿಲ್ಲದ ಬರಿಯ ಐಪಿಎಯ ಒಂದು ಹನಿ. ಪುಡಿ ಸರ್ರನೆ ಸರಿದು, ಆಲ್ಕೋಹಾಲ್ ನೀರಿನಲ್ಲಿ ಬೆರೆತೂ ಆವಿಯಾಗಿಯೂ ಹೋದೊಡನೆ ಮತ್ತೆ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳದೆ ಖಾಲಿ ವೃತ್ತ ಉಳಿದರೆ ನಿಮ್ಮ ಆಲ್ಕೋಹಾಲಿನಲ್ಲಿಯೋ ಸಿರಿಂಜಿನಲ್ಲಿಯೋ ಎಣ್ಣೆಯಿದೆ ಎಂದರ್ಥ.

ಅನಂತರ ದ್ರಾವಣದ ಒಂದು ಹನಿಯನ್ನು ನೀರಿನಿಂದ ಒಂದು ಸೆಂಟಿಮೀಟರ್ ಎತ್ತರದಲ್ಲಿ ನಡುಮಧ್ಯಕ್ಕೆ ಬಿಡಿ. ವೃತ್ತ ತೆರೆದು, ಕೊಂಚ ಕುಗ್ಗಿ, ಸ್ಥಿರವಾಗುತ್ತದೆ. ಆ ಸ್ಥಿರವಾದ ವೃತ್ತವನ್ನೇ ಅಳೆಯಬೇಕು, ಮೊದಲು ಚಿಮ್ಮಿದ್ದನ್ನಲ್ಲ. ಸ್ಕೇಲನ್ನು ನೀರಿಗೆ ತಾಗಿಸದೆ ನಾಲ್ಕು ದಿಕ್ಕಿನಲ್ಲಿ ವ್ಯಾಸ ಅಳೆದು ಸರಾಸರಿ ತೆಗೆಯಿರಿ. ಸ್ಕೇಲನ್ನು ಅಂಚಿನಲ್ಲಿಟ್ಟು ಮೇಲಿನಿಂದ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೂ ಆಗುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಅದೇ ಜಾಗಕ್ಕೆ ಎರಡನೆಯ, ಮೂರನೆಯ ಹನಿ ಹಾಕಿ ಪ್ರತಿ ಸಲ ವಿಸ್ತೀರ್ಣ ಬರೆದುಕೊಳ್ಳಿ. ಎರಡನೆಯ ಹನಿಗೆ ವಿಸ್ತೀರ್ಣ ದುಪ್ಪಟ್ಟಾಗಬೇಕು, ಅಂದರೆ ವ್ಯಾಸ 1.4 ಪಟ್ಟಾಗಬೇಕು; ಮೊದಲದ್ದು 13 ಸೆಂಟಿಮೀಟರ್ ಇದ್ದರೆ ಎರಡನೆಯದು 18ರ ಸುತ್ತಮುತ್ತ. ಹನಿಗಳ ಸಂಖ್ಯೆಗೆ ವಿಸ್ತೀರ್ಣದ ನಕ್ಷೆ ಬರೆದಾಗ ನೇರ ಗೆರೆ ಬಂದರೆ, ದಪ್ಪ ಬದಲಾಗದೆ ವಿಸ್ತಾರ ಮಾತ್ರ ಬೆಳೆಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಗೆರೆ ಬಾಗಿ ಮಲಗತೊಡಗಿದರೆ ಪದರಕ್ಕೆ ಜಾಗ ಸಾಲುತ್ತಿಲ್ಲ. ಬಾಗುವ ಮೊದಲಿನ ಭಾಗದ ಇಳಿಜಾರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದೇ ಹನಿಯಿಂದ ಬಂದ ಉತ್ತರವನ್ನು ನಾನು ನಂಬುವುದಿಲ್ಲ.

ಲೆಕ್ಕ

1 ಮಿಲಿಲೀಟರಿಗೆ 50 ಹನಿ, ಸಾವಿರದಲ್ಲೊಂದು ಪಾಲಿನ ದ್ರಾವಣ, ವ್ಯಾಸ 13 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಹನಿಯಲ್ಲಿರುವ ಆಮ್ಲ 1/50ನ್ನು 1,000ದಿಂದ ಭಾಗಿಸಿದಷ್ಟು, ಅಂದರೆ 0.00002 ಘನ ಸೆಂಟಿಮೀಟರ್. ವೃತ್ತದ ವಿಸ್ತೀರ್ಣ 3.14 × 6.5 × 6.5, ಸುಮಾರು 133 ಚದರ ಸೆಂಟಿಮೀಟರ್. ಭಾಗಿಸಿದರೆ 0.00000015 ಸೆಂಟಿಮೀಟರ್, ಅಂದರೆ 1.5 ನ್ಯಾನೊಮೀಟರ್.

ಇದು ಅಣುವಿನ ಉದ್ದವೇ ಎಂದರೆ, ಪೂರ್ತಿ ಅಲ್ಲ. ಓಲಿಯಿಕ್ ಆಮ್ಲದ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, 17 ಇಂಗಾಲಗಳ ಬಾಲ ನೀರನ್ನು ಒಲ್ಲದು; ತಲೆ ನೀರಿನಲ್ಲಿ, ಬಾಲ ಗಾಳಿಯಲ್ಲಿ ಎಂಬ ಈ ಚಿತ್ರವನ್ನು 1917ರಲ್ಲಿ ಖಚಿತವಾಗಿ ಮುಂದಿಟ್ಟವರು ಅರ್ವಿಂಗ್ ಲ್ಯಾಂಗ್‌ಮ್ಯೂರ್, 1932ರ ರಸಾಯನಶಾಸ್ತ್ರ ನೊಬೆಲ್ ಪಡೆದವರು. ನೆಟ್ಟಗೆ ಚಾಚಿದರೆ ಅಣು ಸುಮಾರು 2 ನ್ಯಾನೊಮೀಟರ್, ಆದರೆ ನಡುವಿನ ದ್ವಿಬಂಧದಲ್ಲಿ ಅದು ಮಡಿಚಿದೆ, ಜೊತೆಗೆ ಪದರದ ಅಂಚಿನಲ್ಲಿ ಒತ್ತಡ ಕಡಿಮೆಯಾದ್ದರಿಂದ ವಾಲಿಕೊಂಡೂ ಇರುತ್ತದೆ. ಹೀಗಾಗಿ 1.1 ಬಂದರೂ ತಪ್ಪೆನ್ನಬೇಡಿ. ಈ ಅಂಕಿಯಿಂದ ಅವೊಗಾಡ್ರೊ ಸಂಖ್ಯೆಗೆ, ಅಂದರೆ ಒಂದು ಮೋಲ್ ವಸ್ತುವಿನಲ್ಲಿರುವ ಅಣುಗಳ ಸಂಖ್ಯೆಗೆ, ಹಾರುವವರು ಒಂದು ಸಂಗತಿ ನೆನಪಿಡಬೇಕು: ಅಣುವನ್ನು ಘನಾಕೃತಿ ಎಂದು ಭಾವಿಸಿದರೆ ದಪ್ಪವನ್ನು ಮೂರು ಸಲ ಗುಣಿಸಬೇಕಾಗುತ್ತದೆ, ದಪ್ಪದಲ್ಲಿ ಎರಡು ಪಟ್ಟು ತಪ್ಪಿದ್ದರೆ ಉತ್ತರದಲ್ಲಿ ಎಂಟು ಪಟ್ಟು.

ಉತ್ತರ 5 ನ್ಯಾನೊಮೀಟರಿಗಿಂತ ಹೆಚ್ಚು ಬಂದರೆ ಪದರ ಪೂರ್ತಿ ಹರಡಿಲ್ಲ: ನೀರು ಜಿಡ್ಡಾಗಿದೆ, ಇಲ್ಲವೆ ಪುಡಿ ದಪ್ಪವಾಗಿದೆ. ಅರ್ಧ ನ್ಯಾನೊಮೀಟರಿಗಿಂತ ಕಡಿಮೆ ಬಂದರೆ ಹನಿಯ ಎಣಿಕೆ ತಪ್ಪಿದೆ, ಅಥವಾ ಆಲ್ಕೋಹಾಲ್ ತೆರೆದ ತಾತ್ಕಾಲಿಕ ವೃತ್ತವನ್ನೇ ಅಳೆದಿದ್ದೀರಿ, ಅಥವಾ ಸಿಲಿಕೋನ್ ಸೇರಿದೆ.

ಇನ್ನೂ ಚಿಕ್ಕದಕ್ಕೆ ಹೋದರೆ

ನ್ಯಾನೊಮೀಟರಿನಷ್ಟು ಸಣ್ಣ ಅಳತೆಯಲ್ಲಿ ಮೇಲ್ಮೈ ಎಂಬ ಮಾತಿಗೆ ಅರ್ಥವಿದೆಯೇ ಎಂಬ ಪ್ರಶ್ನೆಯೂ ಬರುತ್ತದೆ. ನಿಶ್ಚಲವಾಗಿ ಕಾಣುವ ನೀರಿನ ಮೇಲ್ಮೈ ಅಣುಗಳ ಉಷ್ಣ ಚಲನೆಯಿಂದ ಸದಾ ಅಲೆಯಾಡುತ್ತಿರುತ್ತದೆ; 1985ರಲ್ಲಿ ಎಕ್ಸ್‌ಕಿರಣ ಪ್ರತಿಫಲನದಿಂದ ಅಳೆದಾಗ ಅದರ ಒರಟುತನ ಸುಮಾರು 0.3 ನ್ಯಾನೊಮೀಟರ್ ಎಂದು ತಿಳಿಯಿತು. ಅಂದರೆ ನೀವು ಅಳೆದ ಒಂದೂವರೆ ನ್ಯಾನೊಮೀಟರಿನ ಪದರ ತನ್ನ ದಪ್ಪದ ಐದರಲ್ಲೊಂದು ಪಾಲಿನಷ್ಟು ನಡುಗುವ ನೆಲದ ಮೇಲೆ ನಿಂತಿದೆ. ಹನಿಗಳು ಚಿಕ್ಕದಾದಂತೆ ಅವುಗಳ ಒಳಗಿನ ಒತ್ತಡವೂ ಏರುತ್ತದೆ: ಒಂದು ಮಿಲಿಮೀಟರ್ ತ್ರಿಜ್ಯದ ನೀರಿನ ಹನಿಯಲ್ಲಿ ಹೆಚ್ಚುವರಿ ಒತ್ತಡ ವಾಯುಮಂಡಲದ ಸಾವಿರದ ಒಂದೆರಡು ಪಾಲು ಮಾತ್ರ, ಒಂದು ಮೈಕ್ರೊಮೀಟರಿಗೆ ಇಳಿದರೆ ಅದು 1.4 ವಾಯುಮಂಡಲ, 10 ನ್ಯಾನೊಮೀಟರಿಗೆ ಸುಮಾರು 140. ಇನ್ನೂ ಕೆಳಗಿಳಿದರೆ ಮೇಲ್ಮೈ ಎಳೆತವೇ ಹನಿಯ ಬಾಗನ್ನು ಅವಲಂಬಿಸುತ್ತದೆಂದು 1949ರಲ್ಲಿ ಅಚ್ಚಾದ ಲೇಖನದಲ್ಲಿ ರಿಚರ್ಡ್ ಟೋಲ್ಮನ್ ತೋರಿಸಿದ್ದರು. ನೀರಿನ ವಿಷಯದಲ್ಲಿ ಆ ತಿದ್ದುಪಡಿಯ ಚಿಹ್ನೆ ಧನವೋ ಋಣವೋ ಎಂಬುದೇ ಚರ್ಚೆಯ ವಸ್ತುವಾಗಿ ಬಂದಿದೆ. ನಿಮ್ಮ ಹರಿವಾಣದ ನೀರು ಸಪಾಟಾದ್ದರಿಂದ ಈ ತಿದ್ದುಪಡಿ ನಿಮ್ಮ ಲೆಕ್ಕಕ್ಕೆ ಬೇಕಿಲ್ಲ.

ತೆಂಗಿನೆಣ್ಣೆಯಲ್ಲಿ ಮಾಡಬಹುದೇ ಎಂದು ಕೇಳುವವರಿಗೆ: ಮಾಡಬಹುದು, ಆದರೆ ಓಲಿಯಿಕ್ ಆಮ್ಲದಲ್ಲಿ ಕೈ ಪಳಗಿದ ಮೇಲೆ. ತೆಂಗಿನೆಣ್ಣೆ ಹಲವು ಕೊಬ್ಬುಗಳ ಮಿಶ್ರಣ. ಗಾಣದ ಎಣ್ಣೆ, ರಿಫೈನ್ಡ್ ಎಣ್ಣೆ, ಹಳೆಯ ಎಣ್ಣೆ ಬೇರೆಬೇರೆಯಾಗಿ ಹರಡುತ್ತವೆ, 24 ಡಿಗ್ರಿಗಿಂತ ತಂಪಾದ ಡಿಸೆಂಬರಿನ ಮುಂಜಾನೆ ಹೆಪ್ಪುಗಟ್ಟುತ್ತದೆ ಕೂಡ. ಐಪಿಎಯಲ್ಲಿ ಅದು ಸಲೀಸಾಗಿ ಕರಗದಿರುವುದರಿಂದ ಮಬ್ಬು ಹೋಗುವ ತನಕ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕುಲುಕಬೇಕು, ನೀರನ್ನು ಒಲೆಯಿಂದ ಇಳಿಸಿ ದೂರ ತಂದ ಮೇಲೆ. ಯಾವ ದ್ರಾವಣವಾದರೂ ಮುಚ್ಚಳದ ಸಂದಿನಿಂದ ಆಲ್ಕೋಹಾಲ್ ಹಾರಿ ದಿನೇದಿನೇ ಗಟ್ಟಿಯಾಗುತ್ತ ಹೋಗುತ್ತದೆ. ಬಾಟಲಿಯ ಮೇಲೆ ತಾರೀಖು ಬರೆದಿಡಿ, ವಾರ ಕಳೆದದ್ದನ್ನು ಅಳತೆಗೆ ಬಳಸಬೇಡಿ.